ಕವಡೆಯಿಂದ ರೆಸಾರ್ಟಿನವರೆಗೆ: ಮಾಲ್ದೀವ್ಸ್‌ನ ಮಾರುಕಟ್ಟೆ ಹೇಳುವ ಕಥೆ

ಒಂದು ವಸ್ತುವಿಗೆ ಬೆಲೆಯೇ ಇಲ್ಲ ಎನ್ನಬೇಕಾದರೆ ನಾವು 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎನ್ನುತ್ತೇವೆ. ಆ ಕವಡೆ ಎಲ್ಲಿಂದ ಬಂತು, ಯಾರು ಹೆಕ್ಕಿದರು, ಯಾರು ಕೊಂಡರು ಎಂದು ಕೇಳುವುದಿಲ್ಲ. ಭಾರತದ ಪೇಟೆಗಳಲ್ಲಿ ಚಿಲ್ಲರೆ ಹಣವಾಗಿ ಓಡಾಡಿದ ಕವಡೆಗಳ ಬಹುದೊಡ್ಡ ಪಾಲು ಬಂದದ್ದು ನಮ್ಮ ಕರಾವಳಿಯಿಂದ ನೈರುತ್ಯಕ್ಕೆ ಅರಬಿ ಸಮುದ್ರದಾಚೆ ಇರುವ ಮಾಲ್ದೀವ್ಸ್ ದ್ವೀಪಗಳಿಂದ. ಸುಮಾರು 1,200 ಹವಳದ ದ್ವೀಪಗಳು, ಅವುಗಳಲ್ಲಿ ಜನವಸತಿ ಇರುವುದು 190ರಷ್ಟು. ಎಲ್ಲ ನೆಲ ಸೇರಿಸಿದರೂ 300 ಚದರ ಕಿಲೋಮೀಟರ್ ಮಾತ್ರ. ಅಕ್ಕಿ ಬೆಳೆಯಲು ಭೂಮಿಯಿಲ್ಲ, ಹತ್ತಿ ಬೆಳೆಯುವುದಿಲ್ಲ, ಕಬ್ಬಿಣವಿಲ್ಲ. ಇಂಥ ನಾಡು ಹೊರಗಿನವರೊಡನೆ ವ್ಯಾಪಾರ ಮಾಡದೆ ಒಂದು ವರ್ಷವೂ ಬದುಕಲಾರದು.

ಆದ್ದರಿಂದಲೇ ಅದರ ಚರಿತ್ರೆ ನಮಗೆ ಮುಖ್ಯ. ವಿದೇಶಿ ಬಂಡವಾಳ ಬಂದರೆ ದೇಶ ಉದ್ಧಾರವಾಗುತ್ತದೆ ಎನ್ನುವವರಿದ್ದಾರೆ. ಬಂದರೆ ಊರಿನ ಅಂಗಡಿಗಳೆಲ್ಲ ಮುಳುಗುತ್ತವೆ ಎನ್ನುವವರೂ ಇದ್ದಾರೆ. ಎಂಟು ಶತಮಾನಗಳಿಂದ ಮುಸ್ಲಿಮ್ ನಾಡಾಗಿರುವ, ಸದಾ ಹೊರಗಿನ ವ್ಯಾಪಾರಿಯನ್ನೇ ನೆಚ್ಚಿ ಬದುಕಿರುವ ಈ ಪುಟ್ಟ ದೇಶದಲ್ಲಿ ಎರಡೂ ನಡೆದಿವೆ. ಯಾವಾಗ ಯಾವುದು ನಡೆಯಿತು ಎಂದು ನೋಡಿದರೆ ನಮಗೆ ಒಂದು ಸೂತ್ರ ಸಿಗುತ್ತದೆ. ಕೊಳ್ಳುವವರು ಹಲವರಿದ್ದಾಗ ಊರಿನ ವ್ಯಾಪಾರಿ ಉಳಿದ. ಕೊಳ್ಳುವವನು ಒಬ್ಬನೇ ಆದಾಗ, ಅವನು ಪರದೇಶಿಯಾಗಿರಲಿ ಸ್ವದೇಶಿಯಾಗಿರಲಿ, ಊರಿನ ವ್ಯಾಪಾರಿ ಸೋತ.

ಕವಡೆಯ ದಿನಗಳು

ಮಾಲ್ದೀವ್ಸ್‌ಗೆ ಇಸ್ಲಾಮ್ ತಲುಪಿದ್ದೇ ವ್ಯಾಪಾರದ ಹಾದಿಯಲ್ಲಿ. ಹಿಜ್ರಿ 548, ಅಂದರೆ ಕ್ರಿ.ಶ. 1153ರಲ್ಲಿ ಅಲ್ಲಿನ ಅರಸ ಇಸ್ಲಾಮ್ ಸ್ವೀಕರಿಸಿದನೆಂದು ದಾಖಲೆಗಳು ಹೇಳುತ್ತವೆ. ಸುಮಾರು 190 ವರ್ಷಗಳ ನಂತರ, 1343ರಲ್ಲಿ, ಇಬ್ನ್ ಬತೂತಾ ಅಲ್ಲಿಗೆ ಬಂದರು. ಅದಕ್ಕೆ ಮೊದಲು ಅವರು ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡಿದ್ದರು. ಮಂಗಳೂರಿನಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದರೆಂದೂ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿಯೇ 13 ಪಾಠಶಾಲೆಗಳಿದ್ದವೆಂದೂ ಬರೆದವರು ಅವರೇ. ಮಾಲ್ದೀವ್ಸ್‌ನಲ್ಲಿ ಅವರನ್ನು ಖಾಝಿಯಾಗಿ ನೇಮಿಸಲಾಯಿತು.

ಆ ದ್ವೀಪಗಳ ವ್ಯಾಪಾರವನ್ನು ಅವರು ಕಣ್ಣಾರೆ ಕಂಡು ಬರೆದಿದ್ದಾರೆ. ಸಮುದ್ರದಿಂದ ಕವಡೆಯ ಜೀವಿಗಳನ್ನು ತಂದು ದಡದ ಗುಂಡಿಗಳಲ್ಲಿ ಹಾಕುತ್ತಿದ್ದರು. ಮಾಂಸ ಕೊಳೆತು ಹೋದ ಮೇಲೆ ಬಿಳಿಯ ಚಿಪ್ಪು ಉಳಿಯುತ್ತಿತ್ತು. ಅದನ್ನು ಬಂಗಾಳದವರಿಗೆ ಕೊಟ್ಟು ಅಕ್ಕಿ ಪಡೆಯುತ್ತಿದ್ದರು. ತೆಂಗಿನ ನಾರಿನ ಹಗ್ಗ ಭಾರತ, ಚೀನಾ, ಯಮನ್‌ಗಳಿಗೆ ಹೋಗುತ್ತಿತ್ತು. ಆ ಕಾಲದ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸುತ್ತಿರಲಿಲ್ಲ, ಇದೇ ಹಗ್ಗದಿಂದ ಹೊಲಿಯುತ್ತಿದ್ದರು. ಬೇಯಿಸಿ, ಹೊಗೆ ಕೊಟ್ಟು ಒಣಗಿಸಿದ ಮೀನು ಮೂರನೆಯ ಸರಕು.

1602ರಲ್ಲಿ ಹಡಗು ಒಡೆದು ಇಲ್ಲಿ ಸಿಕ್ಕಿಕೊಂಡು 1607ರವರೆಗೆ ಇದ್ದ ಫ್ರೆಂಚ್ ನಾವಿಕ ಪಿರಾರ್ಡ್ ಕೂಡ ಇದೇ ಚಿತ್ರವನ್ನು ಕೊಡುತ್ತಾನೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಹೆಂಗಸರು ಸೊಂಟದ ಮಟ್ಟದ ನೀರಿಗಿಳಿದು ಕವಡೆ ಹೆಕ್ಕುತ್ತಿದ್ದರು. ಒಂದು ವರ್ಷದಲ್ಲಿ 30ರಿಂದ 40 ಹಡಗುಗಳು ಬರೀ ಕವಡೆ ತುಂಬಿಕೊಂಡು ಬಂಗಾಳಕ್ಕೆ ಹೋದದ್ದನ್ನು ಅವನು ಕಂಡಿದ್ದ.

ಇಲ್ಲಿ ಒಂದು ಅಂಶವನ್ನು ನಾವು ಗಮನಿಸಬೇಕು. ಕವಡೆಗೆ ಬಂಗಾಳದವನಿದ್ದ, ಹಗ್ಗಕ್ಕೆ ಯಮನಿನವನಿದ್ದ, ಒಣಮೀನಿಗೆ ಸಿಲೋನಿನವನಿದ್ದ. ಗುಜರಾತಿನವರೂ ಮಲಬಾರಿನವರೂ ಬಂದು ಹೋಗುತ್ತಿದ್ದರು. ಒಬ್ಬನ ಬೆಲೆ ಒಗ್ಗದಿದ್ದರೆ ಇನ್ನೊಬ್ಬನ ಹಡಗಿಗೆ ಕಾಯಬಹುದಿತ್ತು. ಈ ಸ್ವಾತಂತ್ರ್ಯವನ್ನು ಮುರಿಯಲು ಬಂದವರು ಪೋರ್ಚುಗೀಸರು. 1558ರಲ್ಲಿ ಅವರು ಮಾಲೆಯನ್ನು ಹಿಡಿದರು. 15 ವರ್ಷಗಳ ಆಳ್ವಿಕೆಯ ಬಳಿಕ, 1573ರಲ್ಲಿ, ಉತೀಮು ದ್ವೀಪದ ಮುಹಮ್ಮದ್ ತಕುರುಫಾನು ಮತ್ತು ಅವರ ಸಂಗಾತಿಗಳು ಅವರನ್ನು ಹೊರದಬ್ಬಿದರು. ಇಂದಿಗೂ ಆ ದೇಶದ ರಾಷ್ಟ್ರೀಯ ದಿನ ರಬೀಉಲ್ ಅವ್ವಲ್ ತಿಂಗಳ ಮೊದಲ ದಿನವೇ.

ಚಿಪ್ಪಿನ ಇನ್ನೊಂದು ಮುಖ

ಮುಂದೆ ಡಚ್ಚರು ಮತ್ತು ಇಂಗ್ಲಿಷರು ಕವಡೆಯನ್ನು ದೊಡ್ಡ ಪ್ರಮಾಣದಲ್ಲಿ ಕೊಂಡು ಯುರೋಪಿಗೆ ಸಾಗಿಸಿದರು. ಅಲ್ಲಿಂದ ಅದು ಪಶ್ಚಿಮ ಆಫ್ರಿಕಕ್ಕೆ ಹೋಯಿತು. ಅಲ್ಲಿನ ಕರಾವಳಿಯಲ್ಲಿ ಕವಡೆ ಹಣವಾಗಿತ್ತು, ಆ ಹಣದಿಂದ ಅವರು ಕೊಂಡದ್ದು ಮನುಷ್ಯರನ್ನು. 18ನೆಯ ಶತಮಾನದ ಗುಲಾಮರ ವ್ಯಾಪಾರದಲ್ಲಿ ಮಾಲ್ದೀವ್ಸ್‌ನ ಕವಡೆ ಒಂದು ಮುಖ್ಯ ನಾಣ್ಯ. ಸೊಂಟದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕಿದ ಆ ತಾಯಿಗೆ ಅದು ಎಲ್ಲಿ ಹೋಗುತ್ತದೆ, ಯಾರ ಕೊರಳಿಗೆ ಸರಪಳಿಯಾಗುತ್ತದೆ ಎಂದು ತಿಳಿಯುವ ದಾರಿ ಇರಲಿಲ್ಲ. ಅವಳಿಗೆ ಸಿಕ್ಕಿದ್ದು ಒಂದಿಷ್ಟು ಅಕ್ಕಿ. ದೂರದ ಮಾರುಕಟ್ಟೆಗಳ ದೊಡ್ಡ ಅಪಾಯ ಇದೇ. ಸರಕಿನ ಬೆಲೆಯಂತೆ ಅದರ ಪಾಪವೂ ಉತ್ಪಾದಿಸಿದವರ ಕಣ್ಣಿಗೆ ಬೀಳುವುದಿಲ್ಲ.

ಆ ವ್ಯಾಪಾರ ಕುಸಿದ ಬಗೆಯೂ ಹಾಗೆಯೇ. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ಕಾನೂನಿನಿಂದ ನಿಷೇಧಿಸಿತು. ಮನುಕುಲಕ್ಕೆ ಒಳ್ಳೆಯ ಸುದ್ದಿ. ಇತ್ತ ಬಂಗಾಳದಲ್ಲಿ ಒಂದು ಕಾಲಕ್ಕೆ ಸಿಲ್ಹೆಟ್ ಜಿಲ್ಲೆಯ ಕಂದಾಯವೇ ಕವಡೆಯಲ್ಲಿ ಸಂದಾಯವಾಗುತ್ತಿತ್ತು, ರೂಪಾಯಿಗೆ 5,120 ಕವಡೆಯ ಲೆಕ್ಕ. 19ನೆಯ ಶತಮಾನದಲ್ಲಿ ಕಂಪನಿ ಸರಕಾರ ಬೆಳ್ಳಿ ಮತ್ತು ತಾಮ್ರದ ನಾಣ್ಯವನ್ನು ಊರೂರಿಗೆ ತಲುಪಿಸಿದಂತೆ ಕವಡೆ ಹಿಂದೆ ಸರಿಯಿತು. 1840ರ ದಶಕದಲ್ಲಿ ಹ್ಯಾಂಬರ್ಗ್‌ನ ವ್ಯಾಪಾರಿಗಳು ಝಾಂಝಿಬಾರ್ ಕಡೆಯ ಅಗ್ಗದ, ದೊಡ್ಡ ಕವಡೆಯನ್ನು ಪಶ್ಚಿಮ ಆಫ್ರಿಕಕ್ಕೆ ರಾಶಿ ರಾಶಿಯಾಗಿ ಸುರಿದರು. ಅಲ್ಲಿಯೂ ಬೆಲೆ ನೆಲ ಕಚ್ಚಿತು. ಈ ಯಾವ ನಿರ್ಧಾರವೂ ಮಾಲೆಯಲ್ಲಿ ಆದದ್ದಲ್ಲ. ಹಣವಾಗಿದ್ದ ವಸ್ತು ನಮ್ಮ ಬಾಯಲ್ಲಿ ನಾಣ್ಣುಡಿಯಾಗಿ ಉಳಿಯಿತು.

ಸಾಲಕ್ಕೆ ಬಂದ ಅಕ್ಕಿ

ಕವಡೆ ಹೋದ ಮೇಲೆ ದ್ವೀಪವಾಸಿಗಳಿಗೆ ಉಳಿದದ್ದು ಒಣಮೀನು. ಅದನ್ನು ಕೊಳ್ಳುವ ಪೇಟೆ ಸಿಲೋನ್. 19ನೆಯ ಶತಮಾನದ ನಡುವಿನಲ್ಲಿ ಮುಂಬಯಿಯಿಂದ ಬಂದ ಬೋಹ್ರಾ ವ್ಯಾಪಾರಿಗಳು ಮಾಲೆಯಲ್ಲಿ ಅಂಗಡಿ ತೆರೆದರು. ಅಕ್ಕಿ, ಬಟ್ಟೆ, ಸಕ್ಕರೆ ತರಿಸಿದರು, ಒಣಮೀನನ್ನು ಕೊಲಂಬೊಗೆ ಕಳಿಸಿದರು. ಅವರು ಶ್ರಮಜೀವಿಗಳು, ಲೆಕ್ಕದಲ್ಲಿ ನಿಪುಣರು. ಮೊದಲು ವರ್ಷಕ್ಕೊಮ್ಮೆ ಮಳೆಗಾಲದ ಗಾಳಿ ನೋಡಿ ಬರುತ್ತಿದ್ದ ಸರಕು ಈಗ ಅಂಗಡಿಯಲ್ಲಿ ಸದಾ ಸಿಗತೊಡಗಿತು. ಇದು ಉಪಕಾರವೇ.

ಆದರೆ ಆಮದೂ ಅವರದೇ, ರಫ್ತೂ ಅವರದೇ, ಸಾಲವೂ ಅವರದೇ ಆದಾಗ ಚಿತ್ರ ಬದಲಾಯಿತು. ಮೀನುಗಾರನಿಗೆ ಇಂದು ಮನೆಗೆ ಅಕ್ಕಿ ಬೇಕು, ಅವನ ಮೀನು ಒಣಗಿ ಮಾರಾಟವಾಗುವುದು ತಿಂಗಳ ನಂತರ. ಹಾಗಾಗಿ ಅಕ್ಕಿಯನ್ನು ಸಾಲಕ್ಕೆ ತೆಗೆದುಕೊಳ್ಳುತ್ತಾನೆ. ಮೀನು ತಂದಾಗ ಅದರ ಬೆಲೆಯನ್ನು ಹೇಳುವವನು ಸಾಲ ಕೊಟ್ಟವನೇ. ಕೊಲಂಬೊದಲ್ಲಿ ಆ ವಾರ ದರ ಎಷ್ಟಿತ್ತು ಎಂಬುದು ದ್ವೀಪದವನಿಗೆ ಗೊತ್ತಿಲ್ಲ, ಗೊತ್ತಿದ್ದರೂ ಬೇರೆಯವರಿಗೆ ಮಾರುವ ಹಾಗಿಲ್ಲ. ಸುಲ್ತಾನರ ಅರಮನೆ ಮತ್ತು ಶ್ರೀಮಂತ ಮನೆತನಗಳು ಕೂಡ ಅದೇ ಅಂಗಡಿಗಳ ಸಾಲಗಾರರಾದವು. ದೇಶದ ವಿದೇಶಿ ವ್ಯಾಪಾರದ ಬಹುಪಾಲು ಕೆಲವೇ ಮಳಿಗೆಗಳ ಕೈಸೇರಿತು.

ಇಲ್ಲಿ ಸಾಲ ಕೊಟ್ಟವನೂ ಪಡೆದವನೂ ಒಂದೇ ಕಿಬ್ಲಾದ ಕಡೆ ಮುಖ ಮಾಡಿ ನಮಾಝ್ ಮಾಡುವವರು. ಧರ್ಮ ಒಂದೇ ಎಂಬುದರಿಂದ ತಕ್ಕಡಿ ತಾನಾಗಿ ನೆಟ್ಟಗಾಗುವುದಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಅಸಮಾಧಾನ ಹೊಗೆಯಾಡಿತು. 1887ರಲ್ಲಿ ಮಾಲೆಯ ಬೋಹ್ರಾ ಅಂಗಡಿಗಳಿಗೆ ಬೆಂಕಿ ಬಿತ್ತು. ಅವರು ಬ್ರಿಟಿಷ್ ಪ್ರಜೆಗಳು, ದೂರು ಸಿಲೋನಿನ ಬ್ರಿಟಿಷ್ ಗವರ್ನರನ ಬಳಿಗೆ ಹೋಯಿತು. ಅದೇ ವರ್ಷ ಡಿಸೆಂಬರ್ 16ರಂದು ಮಾಲ್ದೀವ್ಸ್ ಬ್ರಿಟಿಷರ ರಕ್ಷಣೆಗೆ ಒಳಪಡುವ ಒಪ್ಪಂದವಾಯಿತು. ವಿದೇಶಾಂಗ ವ್ಯವಹಾರ ಇಂಗ್ಲೆಂಡಿನ ಕೈಗೆ ಹೋಯಿತು. 1965ರ ಜುಲೈ 26ರವರೆಗೆ ಅದು ಮರಳಿ ಸಿಗಲಿಲ್ಲ. ಅಂಗಡಿಗೆ ಬೆಂಕಿ ಇಟ್ಟವರು ತಮ್ಮ ಸಾಲವನ್ನು ಸುಟ್ಟೆವೆಂದು ಭಾವಿಸಿರಬಹುದು. ಆದರೆ ದೂರು ಕೇಳುವ ನೆಪದಲ್ಲಿ ಸಾಮ್ರಾಜ್ಯವೇ ಒಳಗೆ ಕಾಲಿಟ್ಟಿತು.

ಸರಕಾರವೇ ಅಂಗಡಿಕಾರನಾದಾಗ

1940ರ ದಶಕದಲ್ಲಿ ಮುಹಮ್ಮದ್ ಅಮೀನ್ ದೀದಿ ಒಣಮೀನಿನ ರಫ್ತನ್ನು ಸರಕಾರದ ವಶಕ್ಕೆ ತೆಗೆದುಕೊಂಡರು. ವಿದೇಶಿ ಮಳಿಗೆಗಳ ಹಿಡಿತ ಸಡಿಲಿ, ಬೋಹ್ರಾ ವ್ಯಾಪಾರಿಗಳು ಒಬ್ಬೊಬ್ಬರಾಗಿ ಮರಳಿದರು. ಲಾಭ ದೇಶದಲ್ಲೇ ಉಳಿಯಬೇಕು, ಶಾಲೆಗಳಿಗೆ, ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ವಿನಿಯೋಗವಾಗಬೇಕು ಎಂಬ ಅವರ ಆಶಯ ಒಳ್ಳೆಯದೇ. ಅದು ಎರಡನೆಯ ಮಹಾಯುದ್ಧದ ಕಾಲ. ಅಕ್ಕಿ ತರುವ ಹಡಗುಗಳು ನಿಂತುಹೋಗಿ, ದ್ವೀಪಗಳಲ್ಲಿ ಜನರು ಸೊಪ್ಪು, ಗೆಡ್ಡೆ ತಿಂದು ಬದುಕುವ ಬರಗಾಲ ಬಂದಿತ್ತು.

1953ರ ಜನವರಿಯಲ್ಲಿ ಅಮೀನ್ ದೀದಿ ಗಣರಾಜ್ಯದ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಆಗಸ್ಟ್‌ನಲ್ಲಿ ಅವರ ಸರಕಾರ ಉರುಳಿತು. ಅವರ ಪತನಕ್ಕೆ ಕಾರಣಗಳು ಹಲವು, ಆಹಾರದ ಅಭಾವ ಅವುಗಳಲ್ಲೊಂದು. ಅಂಗಡಿಯೊಂದೇ ಇದ್ದು ಅದು ಬರಿದಾದರೆ ಜನರ ಸಿಟ್ಟು ಅಂಗಡಿಯವನ ಮೇಲೆಯೇ ಬರುತ್ತದೆ. ಆ ಅಂಗಡಿಯವನು ಈಗ ಸರಕಾರವಾಗಿದ್ದ.

ದಕ್ಷಿಣದ ಅಡ್ಡು ಮತ್ತು ನೆರೆಯ ಹವಳ ದ್ವೀಪಗಳ ಕಥೆ ಇನ್ನೂ ಸ್ಪಷ್ಟ. ಅಲ್ಲಿನ ವ್ಯಾಪಾರಿಗಳು ತಲೆಮಾರುಗಳಿಂದ ಸ್ವಂತ ಹಾಯಿ ಹಡಗುಗಳಲ್ಲಿ ನೇರವಾಗಿ ಸಿಲೋನಿಗೆ ಹೋಗಿ ಮಾರಿ ಬರುತ್ತಿದ್ದರು. ಮಾಲೆಯ ಸರಕಾರ ಎಲ್ಲ ವ್ಯಾಪಾರವೂ ರಾಜಧಾನಿಯ ಮೂಲಕವೇ ನಡೆಯಬೇಕೆಂದಿತು. ಅಡ್ಡುವಿನ ಗಾನ್ ದ್ವೀಪದಲ್ಲಿ ಬ್ರಿಟಿಷರ ವಾಯುನೆಲೆ ತಲೆಯೆತ್ತುತ್ತಿದ್ದ ಕಾಲವದು, ಅಲ್ಲಿ ಕೆಲಸವೂ ನಗದೂ ಸಿಗುತ್ತಿತ್ತು. ಅದರ ಮೇಲೂ ಮಾಲೆ ಕೈಯಿಟ್ಟಿತು. 1959ರಲ್ಲಿ ದಕ್ಷಿಣದವರು ಬೇರೆ ದೇಶವನ್ನೇ ಘೋಷಿಸಿಕೊಂಡರು. ಸುವಾದೀವ್ ಗಣರಾಜ್ಯ ಎಂಬ ಅದು 1963ರವರೆಗೆ ಬಾಳಿತು. ವಿದೇಶಿಯರಿಂದ ಮಾತ್ರವಲ್ಲ, ತಮ್ಮವರ ಏಕಸ್ವಾಮ್ಯದಿಂದಲೂ ಊರಿನ ವ್ಯಾಪಾರಿ ಮುಳುಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

1970ರ ದಶಕದ ತಿರುವು

ಸ್ವಾತಂತ್ರ್ಯದ ನಂತರವೂ ಒಣಮೀನನ್ನು ಕೊಳ್ಳುವ ದೊಡ್ಡ ಗಿರಾಕಿ ಶ್ರೀಲಂಕಾ ಒಂದೇ. 1970ರ ದಶಕದ ಆರಂಭದಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಲುಕಿದ ಆ ದೇಶ ಆಮದನ್ನು ಕಡಿತಗೊಳಿಸಿತು. ಶತಮಾನಗಳ ವ್ಯಾಪಾರ ಕಣ್ಣೆದುರೇ ಕುಸಿಯಿತು.

ಆಗ ಬಂದವರು ಜಪಾನಿನ ಕಂಪನಿಗಳು. ಅವು ಹಸಿ ಟ್ಯೂನಾ ಮೀನನ್ನು ಸಮುದ್ರದಲ್ಲೇ ಕೊಂಡು ತಮ್ಮ ಹಡಗುಗಳಲ್ಲಿ ಶೈತ್ಯೀಕರಿಸುತ್ತಿದ್ದವು. ಮೀನುಗಾರನಿಗೆ ನಗದು ಸಿಕ್ಕಿತು. 1974ರ ನಂತರ ಹಾಯಿಯ ದೋನಿಗಳಿಗೆ (ನಮ್ಮ ದೋಣಿಯೇ ಅವರ ಭಾಷೆಯಲ್ಲಿ ದೋನಿ) ಇಂಜಿನ್ ಬಂತು, ದೂರದ ನೀರಿಗೆ ಹೋಗಿ ಅದೇ ದಿನ ಮರಳಲು ಸಾಧ್ಯವಾಯಿತು. ಹೊರಗಿನ ಬಂಡವಾಳದ ಒಳ್ಳೆಯ ಮುಖ ಇದು.

ಇನ್ನೊಂದು ಮುಖ ಮನೆಯಂಗಳದಲ್ಲಿ ಕಾಣಿಸಿತು. ಮೀನನ್ನು ಬೇಯಿಸುವುದು, ಹೊಗೆ ಕೊಡುವುದು, ಒಣಗಿಸುವುದು ಹೆಂಗಸರ ಕಸುಬಾಗಿತ್ತು. ಆ ಕೆಲಸದಿಂದ ಅವರ ಕೈಗೆ ಪಾಲು ಬರುತ್ತಿತ್ತು. ಹಸಿ ಮೀನು ಸಮುದ್ರದಲ್ಲೇ ಮಾರಾಟವಾದ ಮೇಲೆ ಒಲೆ ಆರಿತು. ದೇಶದ ರಫ್ತಿನ ಲೆಕ್ಕ ಏರಿತು, ಅವಳ ಸಂಪಾದನೆ ಇಳಿಯಿತು. ಸರಾಸರಿಯ ಅಂಕಿಗಳಲ್ಲಿ ಇಂಥ ನಷ್ಟ ಕಾಣಿಸುವುದಿಲ್ಲ.

ಒಂದು ದ್ವೀಪ, ಒಂದು ರೆಸಾರ್ಟ್

1972ರಲ್ಲಿ ಇಟಲಿಯ ಒಬ್ಬ ಪ್ರವಾಸ ವ್ಯಾಪಾರಿ ಮತ್ತು ಕೆಲವು ಮಾಲ್ದೀವ್ಸ್ ಯುವಕರು ಸೇರಿ ಮಾಲೆಯ ಬಳಿಯ ಕುರುಂಬಾ ದ್ವೀಪದಲ್ಲಿ 30 ಕೋಣೆಗಳ ಮೊದಲ ರೆಸಾರ್ಟ್ ತೆರೆದರು. ಗೋಡೆಗೆ ಹವಳದ ಕಲ್ಲು, ಮಾಡಿಗೆ ತೆಂಗಿನ ಗರಿ. ಆ ವರ್ಷ ಬಂದ ಪ್ರವಾಸಿಗರು ಸಾವಿರದಷ್ಟು. 2024ರಲ್ಲಿ ಆ ಸಂಖ್ಯೆ 20 ಲಕ್ಷ ದಾಟಿತು.

ಸರಕಾರ ಜನವಸತಿಯಿಲ್ಲದ ದ್ವೀಪಗಳನ್ನು ಗುತ್ತಿಗೆಗೆ ಕೊಟ್ಟಿತು. ಒಂದು ದ್ವೀಪಕ್ಕೆ ಒಂದು ರೆಸಾರ್ಟ್. ಮದ್ಯ, ಹಂದಿಮಾಂಸ ಆ ಗಡಿಯೊಳಗೇ ಇರಲಿ, ಊರಿನ ಜನಜೀವನಕ್ಕೆ ತಾಗದಿರಲಿ ಎಂಬುದೂ ಒಂದು ಉದ್ದೇಶ. ಧಾರ್ಮಿಕ ದೃಷ್ಟಿಯಿಂದ ಹಾಕಿದ ಈ ಬೇಲಿಗೆ ಆರ್ಥಿಕ ಪರಿಣಾಮವೂ ಇತ್ತು. ಪ್ರವಾಸಿ ವಿಮಾನದಿಂದಿಳಿದು ದೋಣಿ ಹತ್ತಿ ರೆಸಾರ್ಟಿಗೆ ಹೋಗಿ, ಅಲ್ಲೇ ಉಂಡು, ಅಲ್ಲೇ ಕೊಂಡು ಮರಳಿದ. ಅವನ ತಟ್ಟೆಯ ತರಕಾರಿಯಿಂದ ಹಾಸಿಗೆಯ ಹೊದಿಕೆಯವರೆಗೆ ಬಹುತೇಕ ಎಲ್ಲವೂ ಆಮದು. ನೆರೆಯ ದ್ವೀಪದ ದರ್ಜಿ, ಹೋಟೆಲಿನವನು, ಬಾಡಿಗೆ ದೋಣಿಯವನು ಅವನ ಮುಖವನ್ನೂ ನೋಡಲಿಲ್ಲ. ದೇಶ ಶ್ರೀಮಂತವಾಯಿತು, ಆಸ್ಪತ್ರೆ, ಶಾಲೆಗಳು ಬಂದವು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಗುತ್ತಿಗೆ ಪಡೆದವರು ಕೆಲವೇ ಮನೆತನಗಳು ಮತ್ತು ವಿದೇಶಿ ಹೋಟೆಲ್ ಸಮೂಹಗಳು. 2022ರ ಜನಗಣತಿಯಲ್ಲಿ ಐದು ಲಕ್ಷಕ್ಕೆ ಸ್ವಲ್ಪ ಮೇಲಿದ್ದ ಜನಸಂಖ್ಯೆಯ ನಾಲ್ಕರಲ್ಲೊಂದು ಪಾಲು ವಿದೇಶಿಯರು, ಹೆಚ್ಚಿನವರು ದುಡಿಯಲು ಬಂದವರು.

2009-10ರ ಸುಮಾರಿಗೆ ಸರಕಾರ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹ ನಡೆಸಲು ಅವಕಾಶ ಕೊಟ್ಟಿತು. ಅಲ್ಲಿ ಮದ್ಯವಿಲ್ಲ, ಉಡುಪಿಗೆ ಊರಿನ ಮರ್ಯಾದೆ ಇರಬೇಕು. ಹಾಗಾದರೆ ಯಾರು ಬರುತ್ತಾರೆ ಎಂದು ದೊಡ್ಡ ಉದ್ಯಮಿಗಳು ಸಂಶಯಪಟ್ಟರು. ಜನ ಬಂದರು. ಅದುವರೆಗೆ ಮುಖ್ಯವಾಗಿ ಜೈಲಿಗೆ ಹೆಸರಾಗಿದ್ದ ಮಾಫುಶಿ ದ್ವೀಪದಲ್ಲಿ ಸಾಲು ಸಾಲು ಅತಿಥಿಗೃಹಗಳೆದ್ದವು. ಇಂದು ದೇಶದಾದ್ಯಂತ ಅಂಥವು ನೂರಾರಿವೆ. ನಾಲ್ಕು ಕೋಣೆಯ ಮನೆಯೂ ವ್ಯಾಪಾರವಾಯಿತು, ಪಕ್ಕದ ಅಂಗಡಿಗೂ ಗಿರಾಕಿ ಬಂದ, ದೋಣಿಯವನಿಗೂ ಬಾಡಿಗೆ ಸಿಕ್ಕಿತು. ಪ್ರವಾಸಿ ಅದೇ ಪ್ರವಾಸಿ, ಸಮುದ್ರ ಅದೇ ಸಮುದ್ರ. ಬದಲಾದದ್ದು ಬಾಗಿಲ ಕೀಲಿ ಎಷ್ಟು ಮಂದಿಯ ಕೈಯಲ್ಲಿದೆ ಎಂಬುದು.

ಸಹಿ ಹಾಕುವ ಮೊದಲು

ಇತ್ತೀಚಿನ ಇನ್ನೊಂದು ಘಟನೆಗೆ ನಮ್ಮ ರಾಜ್ಯದ ನಂಟೂ ಇದೆ. 2010ರಲ್ಲಿ ಮಾಲೆ ವಿಮಾನ ನಿಲ್ದಾಣವನ್ನು 25 ವರ್ಷಗಳ ಕಾಲ ನಡೆಸುವ ಗುತ್ತಿಗೆ ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಹೊಂದಿದ್ದ ಜಿಎಂಆರ್ ಮತ್ತು ಮಲೇಶ್ಯದ ಪಾಲುದಾರ ಕಂಪನಿಗೆ ಸಿಕ್ಕಿತು. ಸುಮಾರು 50 ಕೋಟಿ ಡಾಲರ್‌ಗಳ ಯೋಜನೆ. ಸರಕಾರ ಬದಲಾಗಿ, 2012ರ ನವೆಂಬರ್‌ನಲ್ಲಿ ಹೊಸ ಸರಕಾರ ಒಪ್ಪಂದವನ್ನು ಅಸಿಂಧುವೆಂದು ಸಾರಿತು. ವಿವಾದ ಮಧ್ಯಸ್ಥಿಕೆ ಮಂಡಳಿಗೆ ಹೋಯಿತು, ಒಪ್ಪಂದ ಸಿಂಧುವಾಗಿತ್ತು ಎಂದು ಅದು ತೀರ್ಮಾನಿಸಿತು. 2016ರಲ್ಲಿ ನಿಗದಿಯಾದ ಪರಿಹಾರ ಸುಮಾರು 27 ಕೋಟಿ ಡಾಲರ್. ಆಗಿನ ಮಾಲ್ದೀವ್ಸ್ ಪ್ರಜೆಗಳಿಗೆ ಅದನ್ನು ಹಂಚಿದರೆ, ತೊಟ್ಟಿಲ ಕೂಸೂ ಸೇರಿ, ತಲೆಗೆ 600 ಡಾಲರ್‌ಗೂ ಹೆಚ್ಚು.

ಅಲ್ ಮಾಇದಾ ಸೂರಾ ಆರಂಭವಾಗುವುದೇ ಕರಾರುಗಳನ್ನು ನೆರವೇರಿಸಬೇಕೆಂಬ ಆದೇಶದೊಂದಿಗೆ. ಕರಾರು ಭಾರವೆನಿಸಿದರೆ ಅದನ್ನು ಸಹಿಗೆ ಮೊದಲು ಓದಬೇಕು, ಜನರ ಮುಂದಿಟ್ಟು ಚರ್ಚಿಸಬೇಕು. ಸಹಿಯಾದ ಮೇಲೆ ಹರಿದರೆ 1887ರ ಬೆಂಕಿಯಂತೆ ಅದು ಹರಿದವನ ಮನೆಯನ್ನೇ ಸುಡುತ್ತದೆ. 2015ರಲ್ಲಿ 100 ಕೋಟಿ ಡಾಲರ್ ಹೂಡುವ ವಿದೇಶಿಯರಿಗೆ ಭೂಮಿಯ ಒಡೆತನವನ್ನೇ ಕೊಡಬಹುದು ಎಂದು ಸಂವಿಧಾನವನ್ನು ತಿದ್ದಲಾಗಿತ್ತು. 2019ರಲ್ಲಿ ಅದನ್ನು ರದ್ದುಪಡಿಸಿದರು. ಒಂದು ದಿನ ಬಾಗಿಲನ್ನು ಪೂರ್ತಿ ತೆರೆದು ಮರುದಿನ ಪೂರ್ತಿ ಮುಚ್ಚುವ ದೇಶವನ್ನು ಒಳ್ಳೆಯ ವ್ಯಾಪಾರಿ ನಂಬುವುದಿಲ್ಲ, ಕೆಟ್ಟ ವ್ಯಾಪಾರಿ ಮಾತ್ರ ನಂಬುತ್ತಾನೆ.

ಮದೀನಾದ ಮಾರುಕಟ್ಟೆ

ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಅಲ್ಲಿ ಮೊದಲೇ ಪೇಟೆಗಳಿದ್ದವು. ಅವರು ಅವುಗಳನ್ನು ಮುಚ್ಚಿಸಲಿಲ್ಲ. ಬಯಲಿನಲ್ಲಿ ಹೊಸ ಮಾರುಕಟ್ಟೆಗೆ ಜಾಗ ಗುರುತಿಸಿ, ಅಲ್ಲಿ ಯಾರ ಮೇಲೂ ಸುಂಕ ಹೇರಬಾರದು ಎಂದರು. ಬರಿಗೈಯಲ್ಲಿ ವಲಸೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಮಗೆ ಅರ್ಧ ಆಸ್ತಿ ಕೊಡಲು ಮುಂದಾದ ಸಅದ್ ಬಿನ್ ರಬೀಅ್(ರ)ರಿಗೆ ಪ್ರಾರ್ಥನೆಯೊಂದಿಗೆ ವಂದನೆ ಸಲ್ಲಿಸಿ, ಪೇಟೆಯ ದಾರಿ ಕೇಳಿದರು. ತುಪ್ಪ ಮತ್ತು ಗಿಣ್ಣು ಮಾರಿ ಬದುಕು ಕಟ್ಟಿಕೊಂಡರು. ಹೊರಗಿನಿಂದ ಬಂದವನಿಗೂ ಅಲ್ಲಿ ಎಡೆಯಿತ್ತು.

ಇನ್ನೊಂದು ನಿಷೇಧವನ್ನು ನಾವು ಮರೆಯುವಂತಿಲ್ಲ. ಸರಕು ಹೊತ್ತು ಬರುವ ಕಾಫಿಲಾವನ್ನು ಊರ ಹೊರಗೇ ತಡೆದು, ಪೇಟೆಯ ದರ ತಿಳಿಯುವ ಮೊದಲೇ ಕೊಳ್ಳುವುದನ್ನು ಪ್ರವಾದಿ(ಸ) ತಡೆದರು. ಹಾಗೆ ಮಾರಿದವನು ಪೇಟೆಗೆ ಬಂದ ಮೇಲೆ ವ್ಯವಹಾರವನ್ನು ರದ್ದುಪಡಿಸಬಹುದು ಎಂದರು. ಮಾಲ್ದೀವ್ಸ್‌ನ ಮೀನುಗಾರನಿಗೆ ಕೊಲಂಬೊದ ದರ ತಿಳಿಯದಂತಿದ್ದ ಸ್ಥಿತಿಗೂ ಈ ಹದೀಸಿಗೂ ಇರುವ ಸಂಬಂಧವನ್ನು ಬಿಡಿಸಿ ಹೇಳಬೇಕಿಲ್ಲ. ಸಂಪತ್ತು ಉಳ್ಳವರ ನಡುವೆಯೇ ಸುತ್ತುತ್ತಿರಬಾರದು ಎಂಬ ಅಲ್ ಹಶ್ರ್ ಸೂರಾದ ಆಶಯ ರಾಜ್ಯಗಳಿಗೂ ಅನ್ವಯ, ಮನೆಯ ಲೆಕ್ಕಕ್ಕೂ ಅನ್ವಯ.

ನಮ್ಮಲ್ಲಿ ಬಹುಮಂದಿ ಸಣ್ಣ ವ್ಯಾಪಾರದಿಂದಲೇ ಮಕ್ಕಳನ್ನು ಓದಿಸಿದವರು. ಮೀನು, ಅಡಿಕೆ, ಹಣ್ಣು, ಬಟ್ಟೆ ಯಾವುದೇ ಇರಲಿ, ಒಬ್ಬನೇ ಗಿರಾಕಿಯನ್ನು ನೆಚ್ಚಿದ ದಿನ, ಕೊಳ್ಳುವವನೇ ಸಾಲ ಕೊಡುವವನೂ ಆದ ದಿನ ನಾವು ಎಚ್ಚರಾಗಬೇಕು. ಪೇಟೆಯ ದರವನ್ನು ನಾವೇ ತಿಳಿದುಕೊಳ್ಳಬೇಕು. ಬಡ್ಡಿಯಿಲ್ಲದ ಕೈಸಾಲದ ಏರ್ಪಾಡು ಜಮಾಅತ್‌ಗಳಲ್ಲಿದ್ದರೆ ಸಣ್ಣ ಅಂಗಡಿಯವನು ಸರಕನ್ನು ಅವಸರಕ್ಕೆ ಮಾರಬೇಕಾಗುವುದಿಲ್ಲ. ಹಾಗೆಯೇ ನಮ್ಮಿಂದ ಸಾಲ ಪಡೆದವನಿಗೆ, ನಮಗೆ ಮೀನು ತರುವವನಿಗೆ ನಾವೇ ಆ ಒಬ್ಬನೇ ಗಿರಾಕಿಯಾಗಿಲ್ಲವೇ ಎಂದೂ ನೋಡಿಕೊಳ್ಳಬೇಕು. ಬರೆದು ಕರಾರು ಮಾಡಿಕೊಂಡು, ಬರೆದಂತೆ ನಡೆಯಬೇಕು.

ಅಲ್ಲಾಹನು ನಮ್ಮ ತಕ್ಕಡಿಗಳನ್ನು ನೆಟ್ಟಗಿರಿಸಲಿ. ನಮ್ಮ ಮತ್ತು ನೆರೆಯವರ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.